ನೋವರಿಯದ ಪಾದ

ಹಿರಿಯರ ಪಾದವನ್ನು ಮುಟ್ಟಿ ನಮಸ್ಕರಿಸುವುದು ಈ ನಾಡಿನ ಬಹು ಪುರಾತನವಾದ ಆಚಾರ. ಹಬ್ಬದ ದಿನ, ಪಯಣದ ಹೊತ್ತು, ಪರೀಕ್ಷೆಯ ಬೆಳಗ್ಗೆ, ಮಕ್ಕಳು ಮೊಮ್ಮಕ್ಕಳು ಬಾಗಿ ಆ ಪಾದಗಳನ್ನು ಮುಟ್ಟುತ್ತಾರೆ. ಆದರೆ ಅವನ್ನು ನೋಡುವವರು ವಿರಳ. ಅಂಗಾಲಂತೂ ಹಿರಿಯರಿಗೇ ಕಾಣದು. ಸೊಂಟ ಬಾಗದ, ಕಣ್ಣು ಮಂಜಾದ ವಯಸ್ಸಿನಲ್ಲಿ ತಮ್ಮ ಕಾಲಿನ ಅಡಿಭಾಗವು ಅವರಿಗೆ ಪರದೇಶದಷ್ಟೇ ದೂರ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲಿನಲ್ಲಿ ಹುಣ್ಣಿದೆಯೆಂಬುದು ಮೊದಲು ತಿಳಿದುಬರುವುದು ನೆಲದ ಮೇಲೆ ಬಿದ್ದ ರಕ್ತದ ಗುರುತಿನಿಂದ, ಇಲ್ಲವೆ ದುರ್ವಾಸನೆಯಿಂದ. ಕೇಳಿದರೆ ಬರುವ ಉತ್ತರ ಒಂದೇ: “ನೋವೇನೂ ಇಲ್ಲವಲ್ಲ!” ಆ ಮಾತನ್ನು ಕೇಳಿ ಮನೆಯವರು ಸಮಾಧಾನಗೊಳ್ಳುತ್ತಾರೆ, ತಿಳಿದ ವೈದ್ಯನು ಗಾಬರಿಗೊಳ್ಳುತ್ತಾನೆ. ಒಂದೇ ಮಾತು ಇಬ್ಬರಲ್ಲಿ ಹೀಗೆ ಬೇರೆ ಬೇರೆ ಭಾವವನ್ನು ಹುಟ್ಟಿಸುವುದಕ್ಕೆ ಕಾರಣವಾದ ತಿಳಿವಳಿಕೆಗೆ ಒಂದು ಚರಿತ್ರೆಯಿದೆ. ಅದು ಬಹಳ ಹಳೆಯದಲ್ಲ. ಅದರ ಮುಖ್ಯವಾದ ಅಧ್ಯಾಯವು ನಡೆದದ್ದು ಕನ್ನಡನಾಡಿನ ನೆರೆಯಲ್ಲಿಯೇ, ರಾಯವೇಲೂರಿನಲ್ಲಿ; ಅದನ್ನು ಲೋಕಕ್ಕೆ ಕಲಿಸಿದವರು ಊರ ಹೊರಗೆ ನೂಕಲ್ಪಟ್ಟಿದ್ದ ಕುಷ್ಠರೋಗಿಗಳು.

ಪಾದದ ಆರೈಕೆಯ ವಿಷಯದಲ್ಲಿ ಪ್ರಾಚೀನರು ಉದಾಸೀನರಾಗಿದ್ದರೆಂದು ಹೇಳುವಂತಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ನಿತ್ಯದ ದಿನಚರ್ಯೆಯನ್ನು ವಿಧಿಸುವಾಗ ಪಾದಗಳನ್ನು ಆಗಾಗ ತೊಳೆಯುವುದು, ಎಣ್ಣೆ ತಿಕ್ಕುವುದು, ಪಾದರಕ್ಷೆಯನ್ನು ಧರಿಸುವುದು ಈ ಮೂರನ್ನೂ ಬೇರೆ ಬೇರೆಯಾಗಿ ಹೇಳಿದೆ. ಎಣ್ಣೆ ತಿಕ್ಕುವುದರಿಂದ ಹೋಗುವ ದೋಷಗಳನ್ನು ಎಣಿಸುವಲ್ಲಿ ಒರಟುತನ, ಬಿಗಿತ, ಒಣಗುವಿಕೆ, ಆಯಾಸ ಇವುಗಳೊಡನೆ ‘ಸುಪ್ತಿ’ ಎಂಬುದೂ ಬರುತ್ತದೆ. ಸುಪ್ತಿಯೆಂದರೆ ಪಾದವು ನಿದ್ದೆಹೋದಂತಾಗುವುದು, ಸ್ಪರ್ಶಜ್ಞಾನವಿಲ್ಲದಿರುವುದು, ಮನೆಮಾತಿನಲ್ಲಿ ಜೋಮು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಪಟ್ಟಿಯೊಳಗೆ ಪಾದದಾರಿ, ಕದರ, ಅಲಸ ಎಂಬ ಮೂರು ಕಾಲಿನ ವ್ಯಾಧಿಗಳು ಸಿಕ್ಕುತ್ತವೆ. ಬಹಳ ನಡೆಯುವವನ ಒಣಗಿದ ಕಾಲು ಸೀಳುವುದು ಪಾದದಾರಿ. ಇದು ಹಿಮ್ಮಡಿಯ ಒಡಕು. ಕಲ್ಲುಹರಳು ಒತ್ತಿಯೋ ಮುಳ್ಳು ನಾಟಿಯೋ ಏಳುವ ಗಡುಸಾದ ಗಂಟು ಕದರ, ಇದು ಆಣಿ. ಕೆಟ್ಟ ಕೆಸರು ಸೋಕಿ ಬೆರಳ ಸಂದುಗಳು ಒದ್ದೆಯಾಗಿ ತುರಿಸಿ ಉರಿಯುವುದು ಅಲಸ. ಗದ್ದೆಗೆ ಇಳಿಯುವವರ ಕೆಸರುಹುಣ್ಣು ಇದೇ. ಗ್ರಂಥಕಾರನು ಕಾಲನ್ನು ಎತ್ತಿ ನೋಡಿಯೇ ಬರೆದಿದ್ದಾನೆಂಬುದರಲ್ಲಿ ಸಂಶಯವಿಲ್ಲ.

ಆದರೆ ಆಣಿಗೆ ಅಲ್ಲಿ ಹೇಳಿರುವ ಚಿಕಿತ್ಸೆಯೆಂದರೆ ಅದನ್ನು ಶಸ್ತ್ರದಿಂದ ಕಿತ್ತು, ಕಾದ ಎಣ್ಣೆಯಿಂದಲೋ ಬೆಂಕಿಯಿಂದಲೋ ಸುಡುವುದು. ನೋವು ತಿಳಿಯುವ ಗಟ್ಟಿ ಕಾಲಿಗೆ ಇದು ಸಲ್ಲಬಹುದು. ಸುಡುವುದು ಮಿತಿಮೀರಿದರೆ ರೋಗಿಯೇ ಕೂಗಿ ವೈದ್ಯನ ಕೈಯನ್ನು ತಡೆಯುತ್ತಾನೆ. ಕೂಗದ ರೋಗಿಯ ಗತಿಯೇನು? ಸುಪ್ತಿಯನ್ನು ಬಲ್ಲ ಶಾಸ್ತ್ರವು ಸುಪ್ತಿಯಿಂದಲೇ ವ್ರಣವು ಹುಟ್ಟಬಹುದೆಂಬ ಕಡೆಗೆ ಹೋಗಲಿಲ್ಲ. ಇದು ಒಂದು ದೇಶದ ಕೊರತೆಯಲ್ಲ. ಯಾವ ದೇಶದ ವೈದ್ಯವೂ ಹತ್ತೊಂಬತ್ತನೆಯ ಶತಮಾನದವರೆಗೆ ಅತ್ತ ಹೋದಂತೆ ಕಾಣುವುದಿಲ್ಲ. ಬಚ್ಚಲ ಕಲ್ಲಿನ ಮೇಲೆ ಕುಳಿತು ಕ್ಷೌರದ ಬ್ಲೇಡಿನಿಂದ ತಮ್ಮ ಆಣಿಯನ್ನು ತಾವೇ ಹೆರೆದುಕೊಳ್ಳುವ ಮುದುಕರು ಇಂದಿಗೂ ಇದ್ದಾರೆ. ಸುಶ್ರುತನನ್ನು ಅವರು ಓದಿಲ್ಲವೆಂಬುದೊಂದೇ ವ್ಯತ್ಯಾಸ.

ಯೂರೋಪಿನಲ್ಲಿ ಅಂಗಾಲನ್ನು ತೂತುಮಾಡಿಕೊಂಡು ಒಳಗಿಳಿಯುವ, ನೋವಿಲ್ಲದ ಒಂದು ಬಗೆಯ ಹುಣ್ಣು ಹತ್ತೊಂಬತ್ತನೆಯ ಶತಮಾನದ ಶಸ್ತ್ರವೈದ್ಯರನ್ನು ಬಹಳವಾಗಿ ಪೀಡಿಸಿತು. 1884ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ರೀವ್ಸ್ ಎಂಬವರು — 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಹೊಟ್ಟೆಯ ಕುರುವಿಗೆ ಶಸ್ತ್ರವಿಟ್ಟು ಹೆಸರಾದವರು ಇವರೇ — ಈ ಹುಣ್ಣಿನ ಚಿಕಿತ್ಸೆಯನ್ನು ಕುರಿತು ಬರೆದು, ಹುಣ್ಣಿನ ಸುತ್ತಲೂ ಬೆಳೆದ ದಪ್ಪ ಚರ್ಮವನ್ನು ಹಿಟ್ಟಿನ ಪಟ್ಟಿನಿಂದ ಮೆತ್ತಗೆ ಮಾಡಿ ದಿನದಿನವೂ ಹೆರೆದು ತೆಗೆದು, ರೋಗಿಯನ್ನು ಮಲಗಿಸಿಟ್ಟರೆ ಕಾಲನ್ನು ಕತ್ತರಿಸದೆಯೇ ಅದು ವಾಸಿಯಾಗುವುದೆಂದು ತೋರಿಸಿದರು. ಮೂರು ವರ್ಷಗಳ ತರುವಾಯ, 1887ರಲ್ಲಿ, ಡೇವಿಸ್ ಪ್ರೈಸ್ ಎಂಬ ಮತ್ತೊಬ್ಬ ವೈದ್ಯರು ಎರಡು ಕಾಲಿನಲ್ಲಿಯೂ ಇಂಥ ಹುಣ್ಣುಳ್ಳ ಮಧುಮೇಹಿಯೊಬ್ಬನ ವೃತ್ತಾಂತವನ್ನು ಪ್ರಕಟಿಸಿ, ಮಧುಮೇಹವು ನರಗಳನ್ನು ಕೆಡಿಸುವುದೇ ಇದಕ್ಕೆ ಮೂಲವೆಂದು ವಾದಿಸಿದರು. ದಾರಿ ಸಿಕ್ಕಿತ್ತು, ನಡೆಯುವವರು ಇರಲಿಲ್ಲ. ಆ ಕಾಲದ ಮಧುಮೇಹಿಗಳು ಬಹುಕಾಲ ಬದುಕುತ್ತಿರಲಿಲ್ಲ.

1922ರ ಜನವರಿಯಲ್ಲಿ ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಆ ಸ್ಥಿತಿಯು ಬದಲಾಯಿತು. ಮೂರ್ಛೆಯಿಂದ ಸಾಯುತ್ತಿದ್ದವರು ಬದುಕಿದರು, ಬದುಕಿ ಮುದುಕರಾದರು, ಮುದುಕರಾಗಿ ಕಾಲು ಕಳೆದುಕೊಂಡರು. ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್ನರು 1934ರಲ್ಲಿ ಈ ಹೊಸ ವಿಪತ್ತನ್ನು ಕುರಿತು ಎಚ್ಚರಿಕೆಯ ಲೇಖನವೊಂದನ್ನು ಬರೆದರು. ಮಧುಮೇಹಿಯ ಕಾಲು ಕೊಳೆಯುವುದು ದೈವಕೃತವಲ್ಲ, ಮನುಷ್ಯನ ಅಜಾಗ್ರತೆಯಿಂದ ಆಗತಕ್ಕದ್ದು ಎಂಬುದು ಅವರ ಅಭಿಪ್ರಾಯದ ಸಾರ. ಕಾಲು ತೊಳೆಯುವುದು, ನೋಡುವುದು, ಉಗುರು ಕತ್ತರಿಸುವುದು ಮುಂತಾದ ಅಲ್ಪವೆಂದು ತೋರುವ ಕೆಲಸಗಳಿಗೆ ಅವರು ಔಷಧಿಗೆ ಸಮನಾದ ಸ್ಥಾನವನ್ನು ಕೊಟ್ಟರು. ಆದರೂ ಒಂದು ಹಳೆಯ ಭ್ರಾಂತಿ ಉಳಿದೇ ಇತ್ತು: ಇಂಥ ರೋಗಿಯ ಮಾಂಸವೇ ಕೆಟ್ಟದ್ದು, ಅದು ಕೂಡುವ ಶಕ್ತಿಯನ್ನೇ ಕಳೆದುಕೊಂಡಿದೆ ಎಂಬುದು. ಮಾಂಸವೇ ಕೆಟ್ಟಿದ್ದರೆ ಆರೈಕೆಯಿಂದ ಆಗುವುದೇನು? ಈ ಭ್ರಾಂತಿಯು ಮುರಿದದ್ದು ಮಧುಮೇಹಿಗಳ ನಡುವೆ ಅಲ್ಲ.

ಪಾಲ್ ಬ್ರ್ಯಾಂಡರು ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯ ಮೇಲೆ, ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲಸಿದ್ದ ಮಿಷನರಿ ದಂಪತಿಗಳ ಮಗನಾಗಿ. ತಂದೆ 1929ರಲ್ಲಿ ಅದೇ ಬೆಟ್ಟದ ಮೇಲೆ ವಿಷಮಜ್ವರಕ್ಕೆ ತುತ್ತಾದರು. ಮಗನು ಲಂಡನ್ನಿನಲ್ಲಿ ಶಸ್ತ್ರವೈದ್ಯವನ್ನು ಕಲಿತು 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದನು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಸ್ಪತ್ರೆಯನ್ನು ನೋಡಲು ಹೋದಾಗ, ಅಲ್ಲಿಯ ಅಧಿಕಾರಿಗಳಾಗಿದ್ದ ರಾಬರ್ಟ್ ಕಾಕ್ರೇನರ ಮುಂದೆ ಒಬ್ಬ ರೋಗಿಯ ಮುರುಟಿದ ಬೆರಳುಗಳೊಳಗೆ ತಮ್ಮ ಕೈಯನ್ನಿಟ್ಟು ಹಿಡಿಯುವಂತೆ ಬ್ರ್ಯಾಂಡರು ಹೇಳಿದರಂತೆ. ಬಲಹೀನವಾಗಿರಬೇಕೆಂದು ಊಹಿಸಿದ್ದ ಆ ಹಿಡಿತವು ಕಬ್ಬಿಣದಂತಿತ್ತು. ಉಗುರುಗಳು ವೈದ್ಯರ ಕೈಯೊಳಕ್ಕೆ ನಾಟಿದವು. ರೋಗಿಗೆ ತಾನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂಬ ಅರಿವೇ ಇರಲಿಲ್ಲ.

ಕುಷ್ಠದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ನರು 1873ರಲ್ಲಿಯೇ ಕಂಡುಹಿಡಿದಿದ್ದರು. ಅದು ನರಗಳನ್ನು ಹಾಳುಮಾಡುವುದೆಂಬುದೂ ತಿಳಿದಿತ್ತು. ಆದರೂ ಬೆರಳುಗಳು ಏಕೆ ಮೊಟಕಾಗುತ್ತವೆ, ಪಾದಗಳು ಏಕೆ ಕರಗಿಹೋಗುತ್ತವೆ ಎಂಬ ಪ್ರಶ್ನೆಗೆ, ರೋಗವೇ ಅವನ್ನು ತಿನ್ನುತ್ತದೆಂಬುದೇ ಪಂಡಿತಪಾಮರರ ಒಮ್ಮತದ ಉತ್ತರವಾಗಿತ್ತು. ಬ್ರ್ಯಾಂಡರು ಇದನ್ನು ನಂಬದೆ ರೋಗಿಗಳ ಹಿಂದೆಯೇ ತಿರುಗಾಡಿ ನೋಡಿದರು. ತುಕ್ಕುಹಿಡಿದ ಬೀಗವೊಂದನ್ನು ತಾವು ತೆರೆಯಲಾರದೆ ನಿಂತಿದ್ದಾಗ, ರೋಗಿಯಾದ ಒಬ್ಬ ಹುಡುಗನು ಬಂದು ಬೀಗದ ಕೈಯನ್ನು ಸರಕ್ಕನೆ ತಿರುಗಿಸಿ ತೆರೆದನು. ನೋಡಿದರೆ ಅವನ ಬೆರಳು ಎಲುಬಿನವರೆಗೆ ಸೀಳಿ ರಕ್ತ ಸುರಿಯುತ್ತಿತ್ತು, ಹುಡುಗನು ನಗುತ್ತಿದ್ದನು. ವೇಲೂರಿನಲ್ಲಿ ರೋಗಿಗಳಿಗಾಗಿ ಏರ್ಪಡಿಸಿದ್ದ ಕುಟೀರಗಳಲ್ಲಿ ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಕೆಲವರ ಬೆರಳಿನ ತುದಿ ಇಲ್ಲವಾಗುತ್ತಿತ್ತು. ಕಾವಲಿದ್ದು ನೋಡಿದಾಗ ಇಲಿಯೊಂದು ಬಂದು ಕಡಿಯುತ್ತಿದ್ದುದು ಕಂಡಿತು, ಮಲಗಿದ್ದವನಿಗೆ ಎಚ್ಚರವಾಗಲಿಲ್ಲ. ಅಂದಿನಿಂದ ಮನೆಗೆ ಹೊರಡುವ ರೋಗಿಗಳಿಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳುಹಿಸುವ ಪದ್ಧತಿಯಾಯಿತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಬೆಕ್ಕನ್ನು ಔಷಧವಾಗಿ ಬರೆದುಕೊಟ್ಟ ಪ್ರಸಂಗ ಮತ್ತೊಂದು ಇರಲಾರದು.

ಪಾದದ ವಿಷಯವು ಕೈಗಿಂತ ಕಠಿನವಾಗಿತ್ತು. ಏಕೆಂದರೆ ಕೈಗೆ ವಿಶ್ರಾಂತಿ ಕೊಡಬಹುದು, ಬಡವನ ಕಾಲಿಗೆ ಕೊಡುವಂತಿಲ್ಲ. ಇಲ್ಲಿ ಒಂದು ಹಳೆಯ ಉಪಾಯವು ನೆರವಿಗೆ ಬಂದಿತು. 1930ರ ದಶಕದಲ್ಲಿ ಸಿಂಹಳದ ಮಿಲ್ರಾಯ್ ಪಾಲರೂ, 1939ರಲ್ಲಿ ಭಾರತದ ಜೋಸೆಫ್ ಖಾನರೂ ಹುಣ್ಣುಳ್ಳ ಪಾದಕ್ಕೆ ಮೊಳಕಾಲಿನ ಕೆಳಗಿನವರೆಗೆ ಸುಣ್ಣದ ಗಾರೆಯಂಥ ಪ್ಲಾಸ್ಟರನ್ನು ಬಿಗಿಯಾಗಿ ಹೊಂದುವಂತೆ ಕಟ್ಟಿ, ರೋಗಿಯು ನಡೆಯುತ್ತಿರುವಂತೆಯೇ ಹುಣ್ಣನ್ನು ಮಾಯಿಸಿದ್ದರು. ಬ್ರ್ಯಾಂಡರು ಇದನ್ನು ವೇಲೂರಿನಲ್ಲಿ ನೂರಾರು ಕಾಲುಗಳಿಗೆ ಕಟ್ಟಿದರು. ದೇಹದ ಭಾರವು ಒಂದೇ ಬಿಂದುವಿನ ಮೇಲೆ ಬೀಳದೆ ಇಡೀ ಪಾದಕ್ಕೂ ಕಣಕಾಲಿಗೂ ಹಂಚಿಹೋಗುವುದೇ ಅದರ ಗುಟ್ಟು. ಔಷಧವಿಲ್ಲ, ಲೇಪವಿಲ್ಲ, ಆದರೂ ವರ್ಷಗಟ್ಟಲೆ ಕೂಡದಿದ್ದ ಹುಣ್ಣು ಕೂಡಿತು. ಆದುದರಿಂದ ಮಾಂಸವು ಕೆಟ್ಟದ್ದಲ್ಲ. ಅದಕ್ಕೆ ಬೇಕಾಗಿದ್ದದ್ದು ನೋವು ಮಾಡಬೇಕಾದ ಕೆಲಸವನ್ನು ಬೇರೆ ಯಾರಾದರೂ ಮಾಡುವುದು. ನೋವಿರುವವನು ಕಲ್ಲು ಚುಚ್ಚಿದರೆ ಕುಂಟುತ್ತಾನೆ, ಕುಂಟುವುದೇ ಚಿಕಿತ್ಸೆ. ನೋವಿಲ್ಲದವನು ಹುಣ್ಣಿನ ಮೇಲೆಯೇ ನೆಟ್ಟಗೆ ನಡೆಯುತ್ತಾನೆ.

ಇದರಿಂದ ಹೊರಟ ವಿಚಾರವು ಮುಂದೆ ಇನ್ನೂ ಸೂಕ್ಷ್ಮವಾಯಿತು. ಮೊಳೆ ಮುಳ್ಳುಗಳ ಇರಿತ, ಬಿಸಿಯ ಸುಡುವಿಕೆ ಇವು ಎಲ್ಲರಿಗೂ ತಿಳಿದ ಅಪಾಯಗಳು. ಅದಕ್ಕಿಂತ ಮೋಸದ್ದು ಬಿಗಿಯಾದ ಪಾದರಕ್ಷೆಯ ಮೆಲ್ಲನೆಯ ಒತ್ತು. ಅದು ಚರ್ಮಕ್ಕೆ ರಕ್ತ ಹರಿಯದಂತೆ ಗಂಟೆಗಟ್ಟಲೆ ಅದುಮಿ, ಗಾಯದ ಸದ್ದಿಲ್ಲದೆ ಚರ್ಮವನ್ನು ಕೊಲ್ಲುತ್ತದೆ. ಎಲ್ಲಕ್ಕಿಂತ ಮೋಸದ್ದು ಕೇವಲ ನಡಿಗೆ. ಒಂದು ಹೆಜ್ಜೆಯಿಂದ ಏನೂ ಆಗುವುದಿಲ್ಲ; ಅದೇ ಸ್ಥಳದ ಮೇಲೆ ಅದೇ ಭಾರದ ಸಾವಿರಾರು ಹೆಜ್ಜೆಗಳು ಬಿದ್ದಾಗ ಒಳಗಿನ ಮಾಂಸವು ಕೆಂಪಾಗಿ ಬಿಸಿಯೇರಿ, ಕೊನೆಗೆ ಒಳಗಿನಿಂದಲೇ ಒಡೆಯುತ್ತದೆ. ಆರೋಗ್ಯವಂತನು ದೂರ ನಡೆದಾಗ ತನಗೇ ತಿಳಿಯದಂತೆ ಭಾರವನ್ನು ಹಿಮ್ಮಡಿಯಿಂದ ಅಂಚಿಗೆ, ಅಂಚಿನಿಂದ ಬೆರಳಿಗೆ ಬದಲಾಯಿಸುತ್ತಿರುತ್ತಾನೆ. ಜಡವಾದ ಪಾದವು ಮೊದಲ ಮೈಲಿಯಂತೆಯೇ ಹತ್ತನೆಯ ಮೈಲಿಯನ್ನೂ ನಡೆಯುತ್ತದೆ. ಹುಣ್ಣು ಏಳುವುದಕ್ಕೆ ಮುಂಚೆ ಆ ಸ್ಥಳವು ಬಿಸಿಯಾಗುವುದನ್ನು ಅಂಗೈ ಸೋಕಿಸಿಯೇ ಗುರುತಿಸಬಹುದೆಂಬುದನ್ನು ಬ್ರ್ಯಾಂಡರು ಅಭ್ಯಾಸದಿಂದ ಕಂಡುಕೊಂಡರು.

ಒಮ್ಮೆ ಈ ಪಾಠವು ಅವರ ಸ್ವಂತ ಕಾಲಿಗೇ ಬಂದಿತು. ಪ್ರಯಾಣದಿಂದ ದಣಿದು ಲಂಡನ್ನಿನ ಒಂದು ವಸತಿಯಲ್ಲಿ ಕಾಲುಚೀಲವನ್ನು ಕಳಚುವಾಗ ಹಿಮ್ಮಡಿಯಲ್ಲಿ ಸ್ಪರ್ಶವಿಲ್ಲವೆಂದು ತೋರಿ, ಸೂಜಿಯಿಂದ ಚುಚ್ಚಿ ನೋಡಿದರು. ರಕ್ತ ಬಂದಿತು, ನೋವು ಬರಲಿಲ್ಲ. ತಮಗೂ ಕುಷ್ಠವು ಅಂಟಿತೆಂದು, ಹೆಂಡತಿ ಮಕ್ಕಳಿಂದ ಇನ್ನು ದೂರವಿರಬೇಕಾಗುವುದೆಂದು ರಾತ್ರಿಯೆಲ್ಲ ಚಿಂತಿಸಿದರು. ಬೆಳಗಾದ ಮೇಲೆ ಮತ್ತೆ ಚುಚ್ಚಿಕೊಂಡಾಗ ಅವರು ನೋವಿನಿಂದ ಕಿರುಚಿದರು. ರೈಲಿನಲ್ಲಿ ಬಹಳ ಹೊತ್ತು ಅಲುಗದೆ ಕುಳಿತಿದ್ದರಿಂದ ನರವು ಒತ್ತಿ ಜೋಮುಹಿಡಿದಿತ್ತಷ್ಟೆ. ನೋವನ್ನು ಅಷ್ಟು ಆನಂದದಿಂದ ಬರಮಾಡಿಕೊಂಡವರು ಅಪರೂಪ.

1955ರಲ್ಲಿ ವೇಲೂರಿನ ಬಳಿಯ ಕರಿಗಿರಿಯಲ್ಲಿ ಕುಷ್ಠರೋಗದ ಸಂಶೋಧನಾಲಯವು ಸ್ಥಾಪಿತವಾಯಿತು. ವೇಲೂರು ಕರಿಗಿರಿಗಳ ವೈದ್ಯರು ಚಮ್ಮಾರರೊಡನೆ ಕುಳಿತು ಪಾದರಕ್ಷೆಗಳನ್ನು ಮಾಡಿಸಿದರು. ಶಸ್ತ್ರವೈದ್ಯನಿಗೂ ಚಮ್ಮಾರನಿಗೂ ಸಮಪಂಕ್ತಿಯಾದ ಸ್ಥಳ ಅದು. ಗಾಳಿಯ ಸಣ್ಣ ಗುಳ್ಳೆಗಳು ತುಂಬಿದ ಮೃದುವಾದ ರಬ್ಬರಿನ ಹಾಸು, ಅದರ ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಮೊಳೆಯಿಲ್ಲದ ಹೊಲಿಗೆ, ಜಾರದಂತೆ ಹಿಮ್ಮಡಿಯ ಹಿಂದೆ ಒಂದು ಪಟ್ಟಿ: ಇವಿಷ್ಟೇ ಅದರ ಲಕ್ಷಣ.

1966ರಲ್ಲಿ ಬ್ರ್ಯಾಂಡರು ಅಮೆರಿಕದ ಲೂಯಿಸಿಯಾನಾ ಪ್ರಾಂತದ ಕಾರ್ವಿಲ್ ಎಂಬಲ್ಲಿಯ ಸರ್ಕಾರಿ ಕುಷ್ಠರೋಗಾಸ್ಪತ್ರೆಗೆ ಹೋದರು. ಆ ದೇಶದಲ್ಲಿ ಕುಷ್ಠರೋಗಿಗಳು ಕೆಲವರೇ, ಮಧುಮೇಹಿಗಳು ಅಸಂಖ್ಯಾತರು. ಅಂಥವರ ಕಾಲುಗಳನ್ನು ನೋಡಿದಾಗ ವೇಲೂರಿನಲ್ಲಿ ಕಂಡ ಹುಣ್ಣುಗಳೇ ಅಲ್ಲಿಯೂ ಅವೇ ಸ್ಥಾನಗಳಲ್ಲಿ ಕಾಣಿಸಿದವು. ಬಹುಕಾಲ ಏರಿದ ಸಕ್ಕರೆಯು ಅತಿ ಉದ್ದವಾದ ನರಗಳನ್ನು ಮೊದಲು ಕೆಡಿಸುವುದರಿಂದ ಜಡತೆಯು ಕಾಲ್ಬೆರಳಿನಿಂದ ಆರಂಭವಾಗಿ ಮೇಲೇರುತ್ತದೆ. ಬೆವರು ಸುರಿಸುವ ನರಗಳೂ ಸೊರಗಿ ಚರ್ಮವು ಒಣಗಿ ಸೀಳುತ್ತದೆ. ಆ ಸೀಳು ರೋಗಾಣುಗಳಿಗೆ ತೆರೆದ ಬಾಗಿಲು. ಮಧುಮೇಹಿಯಲ್ಲಿ ರಕ್ತನಾಳಗಳೂ ಕಿರಿದಾಗುವುದು ಮೂರನೆಯ ಕೇಡು. ಈ ಒಂದು ಅಂಶದಲ್ಲಿ ಅವನ ಕಾಲು ಕುಷ್ಠರೋಗಿಯ ಕಾಲಿಗಿಂತ ಹೆಚ್ಚು ಅಪಾಯದ್ದು. ರಕ್ತವೇ ಇಳಿಯದ ಕಾಲಿಗೆ ಪ್ಲಾಸ್ಟರು ಕಟ್ಟುವುದು ಹಿತವಲ್ಲ.

ಜಡತೆಯನ್ನು ಅಳೆಯುವ ಸಾಧನಕ್ಕೂ ಒಂದು ವಂಶಾವಳಿಯಿದೆ. 1890ರ ದಶಕದಲ್ಲಿ ಜರ್ಮನಿಯ ಫಾನ್ ಫ್ರೇ ಎಂಬ ವಿದ್ವಾಂಸರು ಕುದುರೆಯ ಕೂದಲನ್ನು ಚರ್ಮಕ್ಕೆ ಒತ್ತಿ ಸ್ಪರ್ಶವನ್ನು ಪರೀಕ್ಷಿಸುತ್ತಿದ್ದರು. ಕೂದಲು ಬಗ್ಗುವಾಗಿನ ಒತ್ತಡವು ನಿಯತವಾದದ್ದರಿಂದ ಅದೇ ಅಳತೆಯಾಯಿತು. 1960ರಲ್ಲಿ ಸೆಮ್ಸ್ ಮತ್ತು ವೈನ್‌ಸ್ಟೈನ್ ಎಂಬವರು ಕೂದಲಿಗೆ ಬದಲಾಗಿ ನೈಲಾನ್ ಎಳೆಗಳನ್ನು ತಂದರು. 1986ರಲ್ಲಿ ಕಾರ್ವಿಲ್ಲಿನ ಬರ್ಕಿ ಮತ್ತು ಸಿಮ್ಸ್ ಎಂಬವರು ಕುಷ್ಠ ಮತ್ತು ಮಧುಮೇಹಗಳ ರೋಗಿಗಳ ಅಂಗಾಲುಗಳನ್ನು ಪರೀಕ್ಷಿಸಿ, ಹತ್ತು ಗ್ರಾಮಿನ ಒತ್ತಡಕ್ಕೆ ಬಗ್ಗುವ ಎಳೆಯ ಸ್ಪರ್ಶವು ತಿಳಿದರೆ ಪಾದಕ್ಕೆ ರಕ್ಷಣೆಯುಂಟು, ತಿಳಿಯದಿದ್ದರೆ ಹುಣ್ಣಿನ ಭಯವುಂಟು ಎಂದು ನಿರ್ಣಯಿಸಿದರು. 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟಿನಲ್ಲಿ ಕೂಡಿದ ಯೂರೋಪಿನ ಪ್ರತಿನಿಧಿಗಳು ಮಧುಮೇಹದಿಂದಾಗುವ ಅಂಗಚ್ಛೇದಗಳನ್ನು ಅರ್ಧಕ್ಕೆ ಇಳಿಸುವ ಸಂಕಲ್ಪವನ್ನು ಮಾಡಿದರು; 1992ರಲ್ಲಿ ಕಾರ್ವಿಲ್ಲಿನಿಂದಲೇ ಕಾಲುಗಳನ್ನು ಉಳಿಸುವ ಕಾರ್ಯಕ್ರಮವೊಂದು ಹೊರಟಿತು.

ಭಾರತದಲ್ಲಿ ಮಧುಮೇಹಿಗಳು ಹತ್ತು ಕೋಟಿಗೆ ಮೀರಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಹೇಳುತ್ತದೆ. ಮಧುಮೇಹವಿಲ್ಲದ ಮುದುಕರಲ್ಲಿಯೂ ಚರ್ಮವು ತೆಳುವಾಗಿ ಒಣಗುತ್ತದೆ, ಅಂಗಾಲಿನ ಕೊಬ್ಬು ಕರಗುತ್ತದೆ, ಸ್ಪರ್ಶವು ಮಂದವಾಗುತ್ತದೆ. ಆದುದರಿಂದ ವೇಲೂರಿನ ಪಾಠವು ಕನ್ನಡದ ಮನೆಗಳ ಬಚ್ಚಲಿಗೂ ಹೊಸ್ತಿಲಿಗೂ ನೇರವಾಗಿ ಸಂಬಂಧಿಸಿದ್ದು. ಹಂಡೆಯ ನೀರು ಬಿಸಿಯೋ ಹದವೋ ಎಂಬುದನ್ನು ಇಂಥವರ ಕಾಲು ಹೇಳಲಾರದು. ಮೊಣಕೈಯಿಂದಲೋ, ಮನೆಯ ಬೇರೊಬ್ಬರ ಕೈಯಿಂದಲೋ ನೋಡಿಯೇ ಸುರಿಯತಕ್ಕದ್ದು. ಚಳಿಯೆಂದು ಬಿಸಿನೀರಿನ ಚೀಲವನ್ನು ಕಾಲಿಗಿಡುವುದೂ, ಕೆಂಡದ ಅಗ್ಗಿಷ್ಟಿಕೆಗೆ ಪಾದವೊಡ್ಡುವುದೂ ಎಷ್ಟೋ ಗಾಯಗಳಿಗೆ ಮೂಲ. ಹಿಮ್ಮಡಿಗೆ ಎಣ್ಣೆ ಸವರುವ ಹಳೆಯ ಪದ್ಧತಿ ಒಳ್ಳೆಯದೇ; ಬೆರಳ ಸಂದುಗಳಿಗೆ ಮಾತ್ರ ಎಣ್ಣೆ ಬೇಡ, ಅವನ್ನು ಒರಸಿ ಒಣಗಿಸಬೇಕು, ಇಲ್ಲವಾದರೆ ಸುಶ್ರುತನ ಅಲಸವು ಕೆಸರಿಲ್ಲದೆಯೇ ಬರುತ್ತದೆ. ಉಗುರನ್ನು ಮೂಲೆಗೆ ಇಳಿಯದಂತೆ ನೇರವಾಗಿ ಕತ್ತರಿಸುವುದು. ಆಣಿಗೆ ಬ್ಲೇಡನ್ನಾಗಲಿ ಅಂಗಡಿಯ ಆಣಿಪಟ್ಟಿಯ ಆಮ್ಲವನ್ನಾಗಲಿ ತಾಗಿಸದೆ ವೈದ್ಯರಿಗೆ ತೋರಿಸುವುದು. ಮೆಟ್ಟುವ ಮುಂಚೆ ಚಪ್ಪಲಿಯನ್ನು ಕೊಡವಿ ಒಳಗೆ ಕೈಯಾಡಿಸುವುದು.

ಕಷ್ಟದ ಪ್ರಶ್ನೆ ಬರಿಗಾಲಿನದು. ಹೊಸ್ತಿಲಲ್ಲಿ ಪಾದರಕ್ಷೆ ಬಿಡುವುದು ಶುಚಿಯ ಆಚಾರ, ಅದನ್ನು ಜರೆಯಬೇಕಾದ್ದಿಲ್ಲ. ಮನೆಯೊಳಕ್ಕೆಂದೇ ಬೇರೊಂದು ಮೆತ್ತನೆಯ ಜೋಡನ್ನು ಇಟ್ಟುಕೊಂಡರೆ ಆಚಾರವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ನಡುಹಗಲಿನಲ್ಲಿ ದೇವಾಲಯದ ಕಾದ ಚಪ್ಪಡಿಗಳ ಮೇಲೆ ಪ್ರದಕ್ಷಿಣೆ ಮಾಡಿ, ಮನೆಗೆ ಬಂದ ಮೇಲೆ ಅಂಗಾಲಿನ ಬೊಕ್ಕೆಗಳನ್ನು ಕಂಡವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಬೆಳಗಿನ ತಂಪಿನಲ್ಲಿ ಹೋದರೆ ದೇವರು ಬೇಡವೆನ್ನಲಾರನು. ದಿನಕ್ಕೊಮ್ಮೆ ಅಂಗಾಲನ್ನು ಕನ್ನಡಿಯಲ್ಲಿಯೋ ಮೊಮ್ಮಗಳ ಕಣ್ಣಿನಿಂದಲೋ ನೋಡಿಸಿಕೊಳ್ಳುವುದಕ್ಕೆ ತಗಲುವುದು ಎರಡು ನಿಮಿಷ. ಕೆಂಪು, ಕಪ್ಪು, ಬಾವು, ಬೊಕ್ಕೆ, ಒಂದು ಕಾಲಿಗಿಂತ ಮತ್ತೊಂದು ಬಿಸಿ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ನೋವಿಲ್ಲವೆಂಬುದು ಕಾಯುವುದಕ್ಕೆ ಕಾರಣವಲ್ಲ, ಓಡುವುದಕ್ಕೆ ಕಾರಣ.

ಕಾರ್ವಿಲ್ಲಿನ ಆಸ್ಪತ್ರೆಯು 1999ರಲ್ಲಿ ಅಲ್ಲಿಂದ ಬೇರೆಡೆಗೆ ಹೋಯಿತು. ಬ್ರ್ಯಾಂಡರು 2003ರಲ್ಲಿ ತೀರಿಕೊಂಡರು. ವೇಲೂರು ಸೀಮೆಯ ಆ ರಬ್ಬರಿನ ಚಪ್ಪಲಿಗಳ ಕಥೆ ಮಾತ್ರ ವಿಚಿತ್ರವಾದ ತಿರುವನ್ನು ಪಡೆಯಿತು. ಅವು ಕುಷ್ಠರೋಗಿಗಳ ಗುರುತೆಂದು ಊರವರಿಗೆ ತಿಳಿದುಹೋಗಿದ್ದರಿಂದ, ಕಾಲನ್ನು ಉಳಿಸುವ ಜೋಡನ್ನು ಮನೆಯಲ್ಲಿಯೇ ಬಿಟ್ಟು, ಬರಿಗಾಲಿನಲ್ಲಿಯೋ ಸಾಧಾರಣ ಚಪ್ಪಲಿಯಲ್ಲಿಯೋ ಸಂತೆಗೆ ಹೋಗಿ ಹುಣ್ಣು ಮಾಡಿಕೊಂಡು ಬಂದ ರೋಗಿಗಳು ಬಹಳ. ಇಂದು ಅದೇ ರಬ್ಬರಿನ ಹಾಸುಳ್ಳ ಜೋಡುಗಳು ಮಧುಮೇಹಿಗಳ ಪಾದರಕ್ಷೆಯೆಂಬ ಹೆಸರಿನಿಂದ ನಗರದ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಕೊಳ್ಳುವವರು ಒಮ್ಮೆ ಮೆಟ್ಟಿ ನಡೆದು ನೋಡಿ, ಮೆತ್ತಗಿದೆಯೆಂದು ಮೆಚ್ಚಿ ಹಣ ಕೊಡುತ್ತಾರೆ.